ಕಾಲು ಬೆಳೆದ ಗುಬ್ಬಿ

ಉಜ್ಜನಪ್ಪ ಮೇಷ್ಟ್ರು ಚಹಾ ಲೋಟ ಹಿಡಿದುಕೊಂಡೇ ರವಿಚಂದ್ರನ ಚಿತ್ರ ನೋಡಲು ಬಗ್ಗಿದ್ದು ತಪ್ಪಾಯಿತು. ಮೂರನೆಯ ಹಕ್ಕಿಯ ಕೊಕ್ಕಿನ ಮುಂದೆ ಸರಿಯಾಗಿ ಒಂದು ಹನಿ ಬಿತ್ತು.

ಹರಿಹರದ ಒಂದು ಅನುದಾನಿತ ಖಾಸಗಿ ಶಾಲೆಯಲ್ಲಿ ರವಿಚಂದ್ರ ಡ್ರಾಯಿಂಗ್ ಮೇಷ್ಟ್ರು. ಕೆಲಸ ಕಾಯಂ ಅಲ್ಲ. "ದಾವಣಗೆರೆ ಪಾಠೋಪಕರಣ ಸ್ಪರ್ಧೆಯಾಗೆ ಬಹುಮಾನ ಬಂದ್ರೆ ಮುಂದುವರಿತೀರಿ. ಇಲ್ಲಾಂದ್ರೆ ಕಮಿಟಿಯವ್ರಿಗೆ ನಾನೇನು ಹೇಳ್ಲಿ?" ಎಂದು ಮುಖ್ಯೋಪಾಧ್ಯಾಯಿನಿ ನಿರ್ಮಲಮ್ಮನವರು ಮೊದಲೇ ಎಚ್ಚರಿಸಿದ್ದರು.

ಸ್ಪರ್ಧೆಯ ವಿಷಯ ಜೀವವಿಕಾಸ. ರವಿಚಂದ್ರ ದೂರದ ದ್ವೀಪಗಳ ಗುಬ್ಬಿಯಂಥ ನಾಲ್ಕು ಹಕ್ಕಿಗಳನ್ನು ಸಾಲಾಗಿ ಬರೆದಿದ್ದ. ಮೈ ಹೆಚ್ಚುಕಡಿಮೆ ಒಂದೇ, ಕೊಕ್ಕು ಬೇರೆ ಬೇರೆ. ಗಟ್ಟಿ ಬೀಜ ಒಡೆಯುವುದಕ್ಕೆ ಅಡಕತ್ತಿನಂಥದ್ದು, ಹುಳ ಹೆಕ್ಕುವುದಕ್ಕೆ ಚಿಮಟದಂಥದ್ದು. ಪುಟಗಟ್ಟಲೆ ಓದಿದರೂ ತಲೆಗೆ ಹೋಗದ್ದು ಹೀಗೆ ಪಕ್ಕಪಕ್ಕ ಬರೆದಿಟ್ಟರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಈಗ ಅದರ ಮೇಲೆ ಚಹಾ.

ಕಲೆ ಮುಚ್ಚಲು ರವಿಚಂದ್ರ ಕೊಕ್ಕನ್ನು ಅಷ್ಟು ದೂರಕ್ಕೆ ಎಳೆದ.

"ಅಲ್ರೀ, ಮೂತಿಗೆ ಮೆಣಸಿನಕಾಯಿ ಬಜ್ಜಿ ಅಂಟಿಸಿದಂಗೈತೆ" ಎಂದರು ಉಜ್ಜನಪ್ಪ, ತಮಗೂ ಆ ಚಹಾಕ್ಕೂ ಸಂಬಂಧವೇ ಇಲ್ಲದವರಂತೆ.

ಬಿಸಿಯೂಟದ ಸುಂಕಲಮ್ಮ ಸೌಟು ಹಿಡಿದೇ ಬಂದಳು. "ಇಷ್ಟುದ್ದ ಮೂತಿ ಇಟ್ಕಂಡು ನಿಂತ್ಕಳ್ಳಾದು ಹೆಂಗೆ ಮೇಷ್ಟ್ರೇ? ಮುಗ್ಗರಿಸಿ ಬೀಳ್ತೈತೆ. ಕಾಲು ಉದ್ದ ಮಾಡ್ರಿ."

ಕಾಲು ಉದ್ದವಾಯಿತು.

"ಈಗ ನೆಲ ಎಟುಕಲ್ಲ. ಪಾಪ, ಉಣ್ಣಾದು ಹೆಂಗೆ?"

ಕುತ್ತಿಗೆಯೂ ಉದ್ದವಾಯಿತು. ನಿರ್ಮಲಮ್ಮನವರು ಬಂದು ಕನ್ನಡಕ ಏರಿಸಿದರು. "ಇಂಥ ಕಾಲು ಬರ್ದು ಒಣ ನೆಲದಾಗೆ ಯಾಕ ನಿಲ್ಸಿದ್ರಿ? ಕೆಳಗೆ ಕೊಂಡಜ್ಜಿ ಕೆರೆ ಥರ ನೀರು ಹಾಕ್ರಿ."

ನೀರು ಬಂತು, ನೀರಿಗೊಂದು ಮೀನು ಬಂತು. ಗುಂಪು ಫೋಟೋದಲ್ಲಿ ಮಕ್ಕಳ ನಡುವೆ ತಪ್ಪಿ ನಿಂತ ಡ್ರಿಲ್ ಮೇಷ್ಟ್ರಂತೆ, ಮೂರು ಗುಬ್ಬಿಗಳ ನಡುವೆ ಒಂದು ಕೊಕ್ಕರೆ ನಿಂತಿತ್ತು. ಹೊಸದಾಗಿ ಬರೆಯಲು ಹೊತ್ತಿರಲಿಲ್ಲ. ಎಲ್ಲರೂ ಬಸ್ಸು ಹತ್ತಿದರು.

ಸ್ಪರ್ಧೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಸಭಾಂಗಣದಲ್ಲಿ. ತೀರ್ಪುಗಾರರು ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು ಹಯಾತ್ ಸಾಬ್. ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ.

"ಇದು ಯಾವ ಹಕ್ಕಿರೀ?"

ರವಿಚಂದ್ರನಿಗೆ ಸುಳ್ಳು ಹೊಳೆಯಲಿಲ್ಲ. "ಗುಬ್ಬಿನೇ ಸರ್. ಚಹಾ ಬಿತ್ತು, ಕೊಕ್ಕು ಉದ್ದ ಆತು. ಕೊಕ್ಕು ಭಾರ ಆತು ಅಂತ ಕಾಲು, ಕಾಲಿಗೋಸ್ಕರ ಕುತ್ತಿಗೆ..."

ಅಳಿಸಿದ ಗೆರೆಗಳೆಲ್ಲ ಹಾಗೇ ಕಾಣುತ್ತಿದ್ದವು. ಹಯಾತ್ ಸಾಬ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎಲ್ಲಾರೂ ಬರ್ರಿ ಇಲ್ಲಿ! ಮಕ್ಕಳು ಪರೀಕ್ಷೆಯಾಗೆ ಬರಿಯೋ ತಪ್ಪು ಇದೇ ನೋಡ್ರಿ. ಬೇಕು ಅಂದ ಕೂಡ್ಲೆ ಹಕ್ಕಿಗೆ ಕಾಲು ಬೆಳಿಯಲ್ಲ. ಹುಟ್ಟುತ್ಲೇ ಒಂದಕ್ಕಿಂತ ಒಂದು ಚೂರು ಬ್ಯಾರೆ ಇರ್ತಾವೆ. ಆ ಜಾಗಕ್ಕೆ ಹೊಂದಿದವು ಹೆಚ್ಚು ಉಳ್ಕಂತಾವೆ, ಮರಿ ಮಾಡ್ತಾವೆ. ಕೂತು ತಿದ್ದೋ ಡ್ರಾಯಿಂಗ್ ಮೇಷ್ಟ್ರು ಅಲ್ಲಿ ಯಾರೂ ಇಲ್ಲ! ವಿಕಾಸ ಹೆಂಗೆ ಆಗಲ್ಲ ಅನ್ನಾದನ್ನ ಇಷ್ಟು ಚಂದ ತೋರ್ಸಿದ ಚಿತ್ರ ನಾನು ಕಂಡಿಲ್ಲ."

ಮೊದಲ ಬಹುಮಾನ ಬಂತು. ರವಿಚಂದ್ರ ಎಲ್ಲರಿಗೂ ಮಂಡಕ್ಕಿ ಕೊಡಿಸಿದ. ಬಸ್ಸಿನಲ್ಲಿ ನಿರ್ಮಲಮ್ಮನವರು ಕಮಿಟಿ ಅಧ್ಯಕ್ಷರಿಗೆ ಫೋನಿನಲ್ಲಿ ಬಹಳ ಹೊತ್ತು ವರದಿ ಒಪ್ಪಿಸಿದರು. ಶಾಲೆ ಮುಟ್ಟಿದ ಮೇಲೆ ಅವನನ್ನು ಕರೆದರು.

"ಕೂಡ್ರಿ ಮೇಷ್ಟ್ರೇ. ಅಧ್ಯಕ್ಷರಿಗೆ ಭಾಳ ಖುಷಿ ಆತು. ಚಿತ್ರ ಬರ್ದೋರು ಯಾರು ಅಂತ ಕೇಳಿದ್ರು. ಇದ್ದದ್ದು ಇದ್ದಂಗೆ ಹೇಳ್ದೆ. ಕೊಕ್ಕು ಉಜ್ಜನಪ್ಪಾರದ್ದು, ಕಾಲು ಕುತ್ತಿಗೆ ಸುಂಕಲಮ್ಮಂದು, ಕೆರೆ ನಂದು. ಹಯಾತ್ ಸಾಬರ ಮಾತೂ ಹೇಳ್ದೆ. ಅದಕ್ಕೆ ಅಧ್ಯಕ್ಷರು, ಇಡೀ ಜೀವಜಗತ್ತೇ ಡ್ರಾಯಿಂಗ್ ಮೇಷ್ಟ್ರಿಲ್ದೆ ನಡಿತೈತೆ ಅಂದ್ಮೇಲೆ ನಮ್ಮ ಶಾಲೆ ನಡಿಯಲ್ವಾ, ಅಂದ್ರು."

"ಬಹುಮಾನ ಬಂದ್ರೆ ಮುಂದುವರಿತೀರಿ ಅಂದಿದ್ರಲ್ಲ ಮೇಡಂ?"

"ಬಂತಲ್ಲ, ಡ್ರಾಯಿಂಗ್ ಮೇಷ್ಟ್ರು ಬೇಕಾಗಿಲ್ಲ ಅಂತ ಅದರಿಂದ್ಲೇ ಗೊತ್ತಾಗಿದ್ದು. ಹಾಂ, ಹೋಗಾಕ ಮುಂಚೆ ಚಿತ್ರದ ಕೆಳಗೆ ಶಾಲೆ ಹೆಸ್ರು ದಪ್ಪಗೆ ಬರ್ದುಕೊಡ್ರಿ. ಫ್ರೇಮ್ ಹಾಕಿಸ್ಬೇಕು."

ರವಿಚಂದ್ರ ಬ್ರಶ್ ಹಿಡಿದು ಕೂತ. ಹೇಗೆ ಬರೆಯುತ್ತಾನೋ ನೋಡೋಣವೆಂದು ಉಜ್ಜನಪ್ಪ ಮೇಷ್ಟ್ರು ಚಹಾ ಲೋಟ ಹಿಡಿದುಕೊಂಡೇ ಬಗ್ಗಿದರು. ಈ ಸಲ ರವಿಚಂದ್ರ ಕುರ್ಚಿ ಸರಿಸಿ ಅವರಿಗೆ ಜಾಗ ಮಾಡಿಕೊಟ್ಟ.