ಅಳಿಯನ ಎಣ್ಣೆಸ್ನಾನಕ್ಕೆ ಸೂರ್ಯನ ಒಲೆ

ನಮ್ಮ ಮುತ್ತಾತ ಬೈಲಪ್ಪ ಗೊಟ್ಟಿಗೆರೆಯಲ್ಲಿ ಒಬ್ಬನೇ ನಿಂತು ಬಾವಿ ತೋಡಿದವನು. ತಾತ ಚಿನ್ನಪ್ಪ ಆ ಬಾವಿಗೆ ಕಪಿಲೆ ಹೂಡಿ ಹೊಲಕ್ಕೆಲ್ಲ ನೀರೆತ್ತಿದವನು. ಅಪ್ಪ ಮಾರಯ್ಯ ದೊಡ್ಡದೊಂದು ತಾಮ್ರದ ಹಂಡೆ ಮಾಡಿಸಿ, ದೀಪಾವಳಿಗೆ ಊರ ಅಳಿಯಂದಿರಿಗೆಲ್ಲ ಎಣ್ಣೆನೀರು ಹಾಕಿಸಿ, ಹಂಡೆಯ ಕಂಠದ ಮೇಲೆ ತನ್ನ ಹೆಸರನ್ನೂ ಕೆತ್ತಿಸಿಕೊಂಡವನು. ಇಂಥ ಜಲವೀರರ ವಂಶದಲ್ಲಿ ಹುಟ್ಟಿ, ಮೂರನೇ ಕ್ಲಾಸಿಗೇ ಮೇಷ್ಟರಿಗೆ ಕೈಮುಗಿದು, ಪಂಪ್‌ಸೆಟ್ ಬಿಚ್ಚಿ ಬಿಚ್ಚಿಯೇ ವಿದ್ಯೆ ಕಲಿತ ನಾನು, ಎಂಬತ್ತಾರನೇ ಇಸವಿಯಲ್ಲಿ ಬನಶಂಕರಿಯ ನಮ್ಮ ಮಹಡಿ ಹತ್ತಿ ಪ್ರತಿಜ್ಞೆ ಮಾಡಿದೆ: ಇನ್ನು ಈ ಮನೆಯ ನೀರನ್ನು ಸಾಕ್ಷಾತ್ ಸೂರ್ಯನೇ ಕಾಯಿಸತಕ್ಕದ್ದು!

ಪೇಟೆಯಲ್ಲಿ ಸೋಲಾರ್ ಹೀಟರ್ ಸಿಗುತ್ತಿತ್ತು. ಆದರೆ ಕೊಂಡು ತರುವುದು ಕೈಲಾಗದವರ ಕೆಲಸ! ನಾನು ತಗಡಿಗೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಹಾವಿನಂತೆ ಪೈಪು ಹರಿಸಿ, ಹಳೇ ಕಿಟಕಿಯ ಗಾಜು ಹೊದಿಸಿದೆ. ಪಕ್ಕದಲ್ಲೊಂದು ಡ್ರಮ್ಮು, ಡ್ರಮ್ಮಿಗೆ ಗೋಣಿತಾಟಿನ ಅಂಗಿ.

"ಇಪ್ಪತ್ತು ವರ್ಷ ಬಾಳಿಕೆ!" ಎಂದು ಸಾರಿದೆ.

"ಅದಕ್ಕೋ, ನಿಮಗೋ?" ಎಂದಳು ನನ್ನ ಹೆಂಡತಿ ಗೋವಿಂದಮ್ಮ.

ಅಂಗಳದ ಹೊಂಗೆ ಮರದ ನೆರಳು ತಗಡಿನ ಮೇಲೆ ಬೀಳುತ್ತಿತ್ತು. ಕಡಿಸಿದೆ.

"ಸೌದೆ ಉಳಿಸ್ತೀನಿ ಅಂತ ಮರಾನೇ ಕಡಿಸಿಬಿಟ್ರಲ್ರೀ!"

"ವಿಜ್ಞಾನ ಅಂದ್ರೆ ಹಂಗೇ ಕಣೇ. ನಿಂಗೆ ತಿಳಿಯಾಕಿಲ್ಲ."

ಕಡಿದ ಸೌದೆಯನ್ನು ಪಕ್ಕದ ಮನೆಯ ನಾಗಲಕ್ಷ್ಮಮ್ಮನವರಿಗೆ ಧಾರಾಳವಾಗಿ ದಾನ ಮಾಡಿದೆ. ಅದೇ ಭರದಲ್ಲಿ, ಅಪ್ಪನ ಹಂಡೆಯನ್ನು ಪಾತ್ರೆಯವನಿಗೆ ಹಾಕಿ ಸ್ಟೀಲು ಸಾಮಾನು ತಗೋ ಎಂದು ಹೆಂಡತಿಗೆ ಅಪ್ಪಣೆಯನ್ನೂ ಕೊಟ್ಟೆ. ಸಂಜೆ ಬಂದು ನೋಡಿದರೆ ಬಚ್ಚಲಲ್ಲಿ ಹಂಡೆಯಿಲ್ಲ, ಅಡುಗೆಮನೆಯಲ್ಲಿ ಸ್ಟೀಲು ಡಬ್ಬಗಳು ಫಳಫಳ!

ಮಟಮಟ ಮಧ್ಯಾಹ್ನ ನಲ್ಲಿ ತಿರುಗಿಸಿ ಪರೀಕ್ಷೆ ಮಾಡಿದೆ. ಕೈ ಸುಟ್ಟಿತು! ಎದ್ದ ಬೊಬ್ಬೆಯನ್ನು ಬೀದಿಯವರಿಗೆಲ್ಲ ಪದಕದಂತೆ ತೋರಿಸಿಕೊಂಡು ಬಂದೆ. ಅಷ್ಟರಲ್ಲಿ ಅಳಿಯ ಸೀನುವಿನ ಮೊದಲ ದೀಪಾವಳಿ ಬಂತು. "ನಿಮ್ಮ ಮಗನಿಗೆ ಸೂರ್ಯದೇವನೇ ನೀರು ಕಾಯಿಸಿ ಕೊಡ್ತಾನೆ" ಎಂದು ಬೀಗರಿಗೆ ಹೇಳಿಕಳಿಸಿದೆ. ಈ ಒಂದು ಸ್ನಾನ ಕೆಟ್ಟರೆ ಬೀಗರ ಮುಂದೆ ನಾನು ಮತ್ತೆ ತಲೆಯೆತ್ತುವ ಹಾಗಿರಲಿಲ್ಲ.

ನರಕ ಚತುರ್ದಶಿ. ಕೋಳಿ ಕೂಗುವ ಮುಂಚೆಯೇ ಅಳಿಯನನ್ನು ಮಣೆಯ ಮೇಲೆ ಕೂರಿಸಿ ಗೋವಿಂದಮ್ಮ ನೆತ್ತಿಗೆ ಎಣ್ಣೆಯಿಟ್ಟಳು. ನಾನೂ ಮೈತುಂಬ ಬಳಿದುಕೊಂಡು, ಗತ್ತಿನಿಂದ ನಲ್ಲಿ ತಿರುಗಿಸಿದೆ. ಇಳಿದು ಬಂದದ್ದು ಹಿಮಾಲಯ!

ಅಳಿಯ ಗಡಗಡ ನಡುಗುತ್ತ ಕೇಳಿದ: "ಮಾವ, ಇದು ಸೂರ್ಯ ಹುಟ್ಟೋಕೆ ಮುಂಚೆ ಮಾಡೋ ಸ್ನಾನ ಅಲ್ವಾ?"

ನ್ಯಾಯವಾದ ಪ್ರಶ್ನೆ. ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕಾದ ಸ್ನಾನಕ್ಕೆ ಸೂರ್ಯನನ್ನೇ ಒಲೆ ಮಾಡಿಕೊಂಡವನು ನಮ್ಮ ವಂಶದಲ್ಲಿ ನಾನೊಬ್ಬನೇ! ಹಿಂದಿನ ದಿನದ ಕಾವು ರಾತ್ರಿಯೆಲ್ಲ ಗೋಣಿತಾಟಿನಲ್ಲಿ ನುಸುಳಿ ಪರಾರಿಯಾಗಿತ್ತು. ಅದಾದರೂ ಎಷ್ಟಿತ್ತು? ಗಾಜಿನ ಮೇಲೆ ಧೂಳು, ಕಾಗೆಯ ಹಿಕ್ಕೆ. ಪೈಪಿನ ಗಂಟಲಲ್ಲಿ ಬೋರ್‌ವೆಲ್ ನೀರಿನ ಸುಣ್ಣ. ಇಪ್ಪತ್ತು ವರ್ಷದ ಬಾಳಿಕೆಯಲ್ಲಿ ಇನ್ನೂ ಎರಡು ತಿಂಗಳೂ ಕಳೆದಿರಲಿಲ್ಲ!

ಗೋವಿಂದಮ್ಮ ಅಳಿಯನ ಕೈಗೆ ಟವೆಲ್ ಕೊಟ್ಟು ನಾಗಲಕ್ಷ್ಮಮ್ಮನವರ ಮನೆಗೆ ಕರೆದೊಯ್ದಳು. ಅವನು ವಾಪಸು ಬಂದಾಗ ಮೈಯಿಂದ ಹಬೆಯಾಡುತ್ತಿತ್ತು.

"ನೀರು ಸಖತ್ತಾಗಿತ್ತು ಮಾವ! ಅಲ್ಲಾ, ಅವರ ಹಂಡೆ ಮೇಲೆ ನಿಮ್ಮ ತಂದೆಯವರ ಹೆಸರು ಯಾಕಿದೆ?"

ನಾನು ಹೆಂಡತಿಯ ಮುಖ ನೋಡಿದೆ.

"ನಿಮ್ಮ ಮಾತು ಕಟ್ಕೊಂಡು ಮಾವನೋರ ಹಂಡೆ ಮಾರೋಕೆ ನಂಗೇನು ತಲೆ ಕೆಟ್ಟಿತ್ತಾ? ಅವರ ಬಚ್ಚಲಲ್ಲಿ ಇಟ್ಟಿದ್ದೆ. ಡಬ್ಬ ಬಂದಿದ್ದು ನನ್ನ ಹಳೇ ಜರಿ ಸೀರೆಗೆ. ಸೌದೇನೂ ನಮ್ಮ ಹೊಂಗೆದೇ!"

ಹಂಡೆ ನಮ್ಮದು, ಸೌದೆ ನಮ್ಮದು, ಅಳಿಯ ನಮ್ಮವನು. ಹೊಗೆಯೊಂದು ಮಾತ್ರ ನಾಗಲಕ್ಷ್ಮಮ್ಮನವರದು! ಅದೂ ತೇಲಿ ಬಂದು ನನ್ನ ಗಾಜಿನ ಮೇಲೇ ಮಸಿಯಾಗಿ ಕೂರುತ್ತಿತ್ತು.

ಹೊತ್ತೇರಿತು. ಹಬ್ಬದ ದಿನವೇ ಮೋಡ! ನಾನು ಎಣ್ಣೆ ಮೈಯಲ್ಲೇ ಮಹಡಿ ಹತ್ತಿ ಡ್ರಮ್ಮಿನ ಪಕ್ಕ ಕೂತೆ. ಆಗೊಮ್ಮೆ ಈಗೊಮ್ಮೆ ಇಣುಕಿದ ಬಿಸಿಲಿಗೆ ಕಾದದ್ದು ನನ್ನ ಬೋಳುತಲೆಯೊಂದೇ.

ಕಾಂಪೌಂಡಿನಾಚೆಯಿಂದ ನಾಗಲಕ್ಷ್ಮಮ್ಮ ಕೂಗಿದರು: "ಅಣ್ಣಾ, ಹಂಡೇಲಿ ಇನ್ನೂ ಬಿಸಿನೀರಿದೆ, ಬಂದ್ಬಿಡಿ! ಬೇರೆಯವರದೇನಲ್ವಲ್ಲ!"

"ಬೇಡ ಕಣಮ್ಮಾ! ಬಾವಿ ತೋಡಿದ ಬೈಲಪ್ಪನ ಮರಿಮಗ ನಾನು, ಇನ್ನೊಬ್ಬರ ಬಚ್ಚಲಿಗೆ ಬರೋನಲ್ಲ! ಮಧ್ಯಾಹ್ನಕ್ಕೆ ಮೋಡ ಸರಿಯತ್ತೆ, ನನ್ನ ನೀರು ನನಗೆ ಬರತ್ತೆ. ಆದ್ರೂ... ನೀವು ಒಲೆ ಮಾತ್ರ ಆರಿಸ್ಬೇಡಿ!"