ಒಲೆ ಆರಿಸಿದ ಊರಲ್ಲೊಂದು ಬಾಣಂತನ

ನಾನು ಕಂಡ ಮಟ್ಟಿಗೆ, ಊರಿಗೆ ಗಂಡಾಂತರ ಬಂದಾಗಲೇ ಮನುಷ್ಯರು ನಗು ಬರೋ ಕೆಲಸ ಮಾಡೋದು. ಸುಖವಾಗಿದ್ದಾಗ ಎಲ್ಲರೂ ಮುಖ ಬಿಗಿದುಕೊಂಡೇ ಓಡಾಡ್ತಾರೆ. ನಾನು ಸೂಲಗಿತ್ತಿ. ನೋವಿನ ನಡುವೆ ನಗೋದನ್ನು ದಿನಾ ನೋಡಿದವಳು, ಅದಕ್ಕೇ ಧೈರ್ಯವಾಗಿ ಹೇಳ್ತೀನಿ.

ಹ್ಯಾಂಡ್‌ಪೋಸ್ಟ್ ಅನ್ನೋ ಕೂಡುದಾರಿಯಿಂದ ಕಾಡಿನ ಕಡೆಗೆ ಗಾಡಿದಾರಿ ಹಿಡಿದರೆ ಕೊನೆಗೆ ಸಿಕ್ಕೋದೇ ನಮ್ಮೂರು. ಮಹಾರಾಜರ ಕಾಲದ ಮಾತು ಇದು. ಹಿಂದಿನ ವರ್ಷ ಬಿದಿರು ಹೂ ಬಿಟ್ಟಿತ್ತು. ನಾವೆಲ್ಲ ಮೊರ ಹಿಡಿದು ಹೋಗಿ ಬಿದಿರಕ್ಕಿ ಗುಡಿಸಿ ತಂದು ಗಂಜಿ ಕಾಯಿಸಿ ಕುಡಿದಿದ್ದೆವು. ಆದರೆ ಹೂ ಬಿಟ್ಟ ಬಿದಿರು ಬದುಕೋದಿಲ್ಲ. ಮೆಳೆಗೆ ಮೆಳೆಯೇ ಒಣಗಿ ನಿಂತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಅದಕ್ಕೆ ಬೆಂಕಿ ಬಿತ್ತು. ಗುಡ್ಡ ಹತ್ತಿ ಇಳಿದು ಗಾಡಿದಾರಿಯ ಎರಡು ಮಗ್ಗುಲನ್ನೂ ಹಿಡಿಯಿತು. ಊರಿಗೆ ಬರೋರು ಬರೋ ಹಾಗಿಲ್ಲ, ಹೋಗೋರು ಹೋಗೋ ಹಾಗಿಲ್ಲ.

ಪಟೇಲರ ಮಗಳು ಆಗಲೇ ಹೆರಿಗೆಗೆಂದು ತವರಿಗೆ ಬಂದಿದ್ದಳು, ಚುಂಚನಕಟ್ಟೆ ಕಡೆಯ ಗಂಡನ ಮನೆಯಿಂದ. ಹಿಂದೆ ಎರಡು ಕೂಸನ್ನು ಮಣ್ಣಿಗೆ ಕೊಟ್ಟವಳು. ಎರಡನ್ನೂ ಈ ಕೈಯಲ್ಲೇ ಹಿಡಿದುಕೊಂಡಿದ್ದೆ, ಈ ಕೈಯಲ್ಲೇ ಬಟ್ಟೆ ಸುತ್ತಿ ಕಳಿಸಿದ್ದೆ. ಕಾಡು ಉರಿಯುತ್ತಿದ್ದರೂ ನನಗೆ ಆ ಬೆಂಕಿಗಿಂತ ಈ ಹುಡುಗಿಯ ಹೊಟ್ಟೆಯದೇ ಭಯ.

ತಮಟೆ ಕಾಯಿಸಿದ್ದು

ಗಾಳಿ ಊರ ಕಡೆಗೇ ಬೀಸ್ತಿತ್ತು. ನಮ್ಮದೆಲ್ಲ ಹುಲ್ಲಿನ ಮನೆಗಳು. ಒಂದು ಒಲೆಯ ಕಿಡಿ ಹಾರಿದರೆ ಸಾಕು, ಕಾಡಿನ ಬೆಂಕಿ ಬರೋ ತನಕ ಕಾಯೋದೇ ಬೇಡ. ಅದಕ್ಕೆ ಪಟೇಲರು ತಮಟೆಯವನನ್ನು ಕರೆಸಿ, ಊರಿಗೆಲ್ಲ ಸಾರಿಕೊಂಡು ಬಾ ಅಂದರು. ಯಾರ ಮನೆಯಲ್ಲೂ ಒಲೆ ಹಚ್ಚಕೂಡದು, ದೀಪ ಬೇಡ, ಬೀಡಿ ಬೇಡ. ಅಡುಗೆ ಏನಿದ್ದರೂ ನೀರು ಬತ್ತಿದ ಕೆರೆಯಂಗಳದಲ್ಲಿ, ಎಲ್ಲರದೂ ಒಂದೇ ಕಡೆ.

ತಮಟೆಯವನಿಗೆ ತನ್ನ ಕೆಲಸದಲ್ಲಿ ಬಲು ನಿಷ್ಠೆ. ಚರ್ಮ ಕಾಯಿಸದೆ ತಮಟೆಗೆ ಕಡ್ಡಿ ಮುಟ್ಟಿಸಿದವನಲ್ಲ, ಅವರಪ್ಪನೂ ಹಾಗೇ ಇದ್ದ. ಊರಬಾಗಿಲಲ್ಲಿ ಕೂತು, ಒಂದು ಹಿಡಿ ಹುಲ್ಲು ಗುಡ್ಡೆ ಮಾಡಿ, ಬೆಂಕಿ ಹಚ್ಚಿ, ತಮಟೆಯನ್ನು ಅದರ ಮೇಲೆ ಹಿಡಿದು ತಿರುಗಿಸ್ತಾ ಇದ್ದ. ಬಾವಿಯಿಂದ ಬರ್ತಿದ್ದ ನಾವು ನಾಲ್ಕು ಜನ ಹೆಂಗಸರು ನೋಡಿದೆವು. ಮಾತಿಗೆಲ್ಲಿ ಪುರುಸೊತ್ತು? ಕೊಡಗಳನ್ನೇ ಬಗ್ಗಿಸಿಬಿಟ್ಟೆವು. ಹುಲ್ಲೂ ನೆನೆಯಿತು, ತಮಟೆಯೂ ನೆನೆಯಿತು, ಅವನೂ ನೆನೆದ. ಒದ್ದೆ ತಮಟೆ ಬಡಿದರೆ ನೆನೆದ ಗೋಣಿ ಬಡಿದ ಸದ್ದು.

ಬೆಂಕಿ ಹಚ್ಚಬೇಡಿ ಅಂತ ಹೇಳೋಕೆ ಬೆಂಕಿ ಹಚ್ತೀಯಲ್ಲೋ, ನಿನ್ನ ಬುದ್ಧಿಗಿಷ್ಟು ಅಂತ ಬೈದೆ. ಅವನು ತಲೆ ಒರೆಸಿಕೊಳ್ಳುತ್ತಾ ಬಲು ಬೇಜಾರಿನಲ್ಲಿ ಹೇಳಿದ: "ತಮಟೆ ಕಾಯಿಸ್ದೆ ಸಾರುದ್ರೆ ಊರ್ನೋರು ಸುಳ್ಳು ಅನ್ಕತಾರೆ ಕಣವ್ವ."

ಗಾರ್ಡಿನ ಗಂಟು

ನಮ್ಮೂರ ಅಂಚಿನಲ್ಲಿ ಫಾರೆಸ್ಟ್ ಗಾರ್ಡಿನ ಗುಡಿಸಲು. ವರ್ಷವೆಲ್ಲ ಆತ ನಮ್ಮ ಜನರ ಬೆನ್ನು ಬಿದ್ದಿರ್ತಿದ್ದ. ಒಂದು ಹಸಿ ಕೊಂಬೆ ಮುರಿದರೂ ಕುಡುಗೋಲು ಕಿತ್ತುಕೊಂಡು ಹೋಗೋನು. ಅವನು ಬರೋ ಸದ್ದಾದರೆ ಆಡುಗಳೂ ತಲೆ ತಗ್ಗಿಸೋವು.

ಅವತ್ತು ಅದೇ ಗಾರ್ಡು ಚಾವಡಿ ಮುಂದೆ ಕೈ ಮುಗಿದು ನಿಂತಿದ್ದ. ಬೆಂಕಿ ಗುಡ್ಡದ ಈಚೆ ಇಳಿದಿದೆ, ಹಸಿ ಸೊಪ್ಪು ಕಡಿದು ಬಡೀಬೇಕು, ಊರಿಗೂ ಕಾಡಿಗೂ ನಡುವೆ ಅಗಲಕ್ಕೆ ಗೆರೆ ಸವರಿ ತರಗೆಲೆ ಎಳೆದು ಹಾಕಬೇಕು, ಎಲ್ಲರೂ ಕುಡುಗೋಲು ಹಿಡ್ಕೊಂಡು ಬನ್ನಿ ಅಂದ. ಯಾರೂ ಅಲುಗಲಿಲ್ಲ. ಹಗೆಯಿಂದಲ್ಲ. ಹಗೆ ಸಾಧಿಸೋಕೆ ಅದು ಹೊತ್ತಾ? ಕೊನೆಗೆ ಒಬ್ಬಳು ಮುದುಕಿ ಹೇಳಿದಳು, "ಕುಡ್ಲೆಲ್ಲ ನಿಮ್ ಗುಡ್ಲಾಗೇ ಅವಲ್ಲ ಸ್ವಾಮಿ."

ಗಾರ್ಡು ಓಡಿದ. ಕಂಬಳಿಯಲ್ಲಿ ದೊಡ್ಡ ಗಂಟು ಹೊತ್ತು ತಂದು ಚಾವಡಿ ಮುಂದೆ ಸುರಿದ. ಜನ ಮುಗಿಬಿದ್ದು ತಮ್ಮ ತಮ್ಮದನ್ನು ಹುಡುಕಿಕೊಂಡರು. ಒಬ್ಬನಿಗೆ ಸತ್ತ ಅಪ್ಪನ ಕುಡುಗೋಲು ಸಿಕ್ಕಿತು, ಅವನು ಅದನ್ನು ಕಣ್ಣಿಗೊತ್ತಿಕೊಂಡ. ಎಲ್ಲರೂ ಎತ್ತಿಕೊಂಡ ಮೇಲೆ ಒಂದು ಉಳಿಯಿತು, ಹಿಡಿಗೆ ಹಿತ್ತಾಳೆಯ ಬಳೆ ಹಾಕಿಸಿದ ಒಳ್ಳೇ ಕುಡುಗೋಲು. ಇದು ಯಾರದು ಅಂತ ಗಾರ್ಡು ಎರಡು ಸಲ ಕೇಳಿದ. ಆಗ ಪಟೇಲರು ಅತ್ತ ಇತ್ತ ನೋಡಿ, ಮೀಸೆ ತಿರುವಿಕೊಂಡು, ಮೆಲ್ಲಗೆ ಬಗ್ಗಿ ಅದನ್ನು ತಗೊಂಡು, "ನಮ್ ಆಳಿಂದು ಕಣಯ್ಯ" ಅಂದರು.

ಬೆಂಕಿಯ ಕಡೆಗೆ ಹೋಗೋರು ನಗ್ತಾ ಹೋದರು. ನಾವು ಹೆಂಗಸರು ಅವರ ಬೆನ್ನು ಕಾಣೋ ತನಕ ನೋಡ್ತಾ ನಿಂತೆವು. ನಮ್ಮ ಮುಖದಲ್ಲಿ ನಗು ಇರಲಿಲ್ಲ.

ಕೆರೆಯಂಗಳದಲ್ಲಿ ಕಲಾಯಿ

ಹುಣಸೂರಿನ ಕಲಾಯಿ ಸಾಬರು ವರ್ಷಕ್ಕೊಂದು ಸಲ ನಮ್ಮೂರಿಗೆ ಬಂದು ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಕೊಟ್ಟು ಹೋಗೋರು. ಆ ಸಲ ದಾರಿ ಕಟ್ಟಿ ನಮ್ಮಲ್ಲೇ ಸಿಕ್ಕಿಬಿದ್ದರು. ಅವರ ಕೆಲಸಕ್ಕೂ ಬೆಂಕಿ ಬೇಕು ತಾನೆ? ಪಟೇಲರ ಮಾತು ಅವರಿಗೂ ಒಂದೇ. ಗಾಳಿ ಊದೋ ತಿದಿ ಎತ್ತಿಕೊಂಡು ಬಂದು ಕೆರೆಯಂಗಳದ ಒಂದು ಮಗ್ಗುಲಲ್ಲಿ ಕೂತರು.

ಕೆರೆಯಂಗಳದಲ್ಲಿ ಜಾತಿಗೊಂದು ಮೂಲೆ, ಮನೆಗೆ ಮೂರು ಕಲ್ಲು. ಮೂಲೆ ಬೇರೆಯಾದರೂ ಕಣ್ಣಿಗೇನು ಅಡ್ಡ ಇತ್ತು? ಒಬ್ಬರ ಅಡುಗೆಮನೆ ಇನ್ನೊಬ್ಬರಿಗೆ ಕಂಡಿದ್ದು ಅವತ್ತೇ ಮೊದಲು. ಊರಿಗೆಲ್ಲ ಚೊಕ್ಕಟದ ಬುದ್ಧಿ ಹೇಳ್ತಿದ್ದ ಒಬ್ಬಳ ತಪ್ಪಲೆ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಅವಳು ಅದನ್ನು ಸೆರಗಲ್ಲಿ ಮುಚ್ಚಿಕೊಂಡು ಸಾಬರ ಹತ್ತಿರ ಓಡಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡ್ತಾ ನೋಡ್ತಾ ಸಾಬರ ಮುಂದೆ ಪಾತ್ರೆಗಳ ಸಾಲು ಬೆಳೆಯಿತು. ಮೇಲಿಂದ ಬೂದಿ ಬೀಳ್ತಾ ಇದೆ, ಗುಡ್ಡದಲ್ಲಿ ಬಿದಿರು ಢಂ ಢಂ ಅಂತ ಒಡೀತಾ ಇದೆ, ಇಲ್ಲಿ ಕಲಾಯಿಗೆ ಸರದಿ ಕಾದಿದ್ದಾರೆ.

ನನಗೆ ರೇಗಿತು. ಗಂಡ ಬೆಂಕಿ ಮುಂದೆ ನಿಂತವ್ನೆ, ನಿನಗೆ ತಪ್ಪಲೆ ಚಿಂತೆಯಾ ಅಂತ ಒಬ್ಬಳನ್ನು ಕೇಳಿಬಿಟ್ಟೆ. "ಸುಮ್ಕಿದ್ರೆ ಅವನ್ದೇ ಗ್ಯಾನ ಬತ್ತದೆ ಕಣಕ್ಕ" ಅಂದಳು. ನಾನು ಮನೆಗೆ ಹೋಗಿ ನನ್ನ ಚೊಂಬನ್ನೂ ತಂದು ಸಾಲಿಗಿಟ್ಟೆ.

ಸಂಜೆ ಗಂಡಸರು ಮಸಿ ಬಳಿದುಕೊಂಡು ಬಂದು, ಬೂದಿ ಉದುರಿದ ಮುದ್ದೆಯನ್ನೇ ಉಂಡರು. ಎಲ್ಲರೂ ಬಂದಿದ್ದರು, ಒಬ್ಬನೂ ಕಮ್ಮಿ ಇರಲಿಲ್ಲ. ಅಂಥ ರುಚಿಯಾದ ಊಟ ನಾನು ಮದುವೆ ಮನೆಯಲ್ಲೂ ಉಂಡಿಲ್ಲ. ಸಾಬರು ತಿದಿ ಒತ್ತುತ್ತಾ ಆಕಾಶ ನೋಡಿ ಕೈ ಎತ್ತಿದರು. ಅಲ್ಲಾ ಈ ಊರನ್ನು ಕಾಪಾಡಲಿ, ಕಾಡನ್ನೂ ಕಾಪಾಡಲಿ, ಒಲೆಗಳು ಮಾತ್ರ ಇನ್ನೆರಡು ದಿನ ಇಲ್ಲೇ ಇರಲಿ ಅಂದರು.

ಉಪ್ಪಿಲ್ಲದ ಸಾರು

ಮಾರನೇ ದಿನ ಮಧ್ಯಾಹ್ನ ಪಟೇಲರ ಮಗಳಿಗೆ ನೋವು ಬಂತು. ದಿನ ತುಂಬೋದಕ್ಕೆ ಮುಂಚೆಯೇ ಹೆಣ್ಣು ಕೂಸು ಹುಟ್ಟಿತು. ಸಣ್ಣದು, ನನ್ನ ಎರಡು ಅಂಗೈಗೆ ಸಾಲದಷ್ಟು. ಉಸಿರಿತ್ತು, ಆದರೆ ಅಳು ಇಲ್ಲ. ಬೆನ್ನು ತಟ್ಟಿದೆ, ಅಂಗಾಲು ಉಜ್ಜಿದೆ. ಬೆಕ್ಕಿನ ಮರಿಯಷ್ಟು ಕುಂಯ್ ಅಂದು ಸುಮ್ಮನಾಯಿತು. ಗಟ್ಟಿಯಾಗಿ ಅತ್ತ ಕೂಸು ಬದುಕ್ತದೆ, ಅಳದ ಕೂಸಿನ ಮೇಲೆ ಆಸೆ ಇಟ್ಟುಕೊಳ್ಳಬಾರದು ಅನ್ನೋದು ನಮ್ಮ ಕಡೆಯ ಮಾತು. ಅದು ನನಗೂ ಗೊತ್ತು, ಹೆತ್ತವಳಿಗೂ ಗೊತ್ತು. ಅವಳು ಕೂಸಿನ ಮುಖ ನೋಡದೆ ಗೋಡೆ ಕಡೆಗೆ ತಿರುಗಿ ಮಲಗಿದಳು. ಹಾಲು ಹಿಂಡಿಕೊಡು ಅಂದರೆ ಹಿಂಡಿಕೊಡೋಳು, ಎತ್ತಿಕೋ ಅಂದರೆ ಕೈ ಚಾಚ್ತಿರಲಿಲ್ಲ. ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ನಾನೇ ಕುಡಿಸ್ತಿದ್ದೆ.

ಇಂಥ ಕೂಸಿಗೆ ಬೇಕಾದ್ದು ಕಾವು. ಬಾಣಂತಿಯ ಮಂಚದ ಕೆಳಗೆ ಕೆಂಡ ಇಡೋದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಪಟೇಲರ ಹೆಂಡತಿ ಆಗಲೇ ಕೆಂಡಕ್ಕೆ ಮಡಕೆ ಹೊಂದಿಸಿದ್ದರು. ಪಟೇಲರು ಹೊಸ್ತಿಲಾಚೆ ನಿಂತು ಬೇಡ ಅಂದರು.

"ನನ್ ಮನೇಲೇ ಕೆಂಡ ಕಂಡ್ರೆ, ನಾಳಿಕೆ ಯಾರ್ ಮನೇಲಿ ಒಲೆ ಆರ್ತದೆ?"

ಅವರ ಹೆಂಡತಿ ಬಾಯಿಗೆ ಬಂದಂತೆ ಬೈದರು. ನನಗೂ ಬೈಯಬೇಕು ಅನ್ನಿಸಿತು. ಆದರೆ ಆ ಮನುಷ್ಯ ಹೇಳಿದ್ದು ಸರಿ ಇತ್ತು. ಹೇಳಿ ಮುಗಿಸಿ, ಕಂಬ ಹಿಡಿದು ನಿಂತುಕೊಂಡರು.

ಕೊನೆಗೆ ಉಪ್ಪು ಹೊಳೀತು. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದರೆ ಕಾವು ಬಹಳ ಹೊತ್ತು ನಿಲ್ತದೆ. ಮರಳು ಆಗ್ತಿರಲಿಲ್ವಾ ಅಂತ ನೀವು ಕೇಳಬಹುದು. ನಮ್ಮ ಕೆರೆ ಜೇಡಿಮಣ್ಣಿನದು, ಮರಳಿರೋ ಹೊಳೆ ಬೆಂಕಿಯಾಚೆ. ಕೆರೆಯಂಗಳದ ಹೆಂಗಸರು ತಮ್ಮ ತಮ್ಮ ಒಲೆಯ ಮೇಲೆ ಉಪ್ಪು ಹುರಿದು, ಗಂಟು ಕಟ್ಟಿ, ಸೆರಗಿನಲ್ಲಿ ಮುಚ್ಚಿಕೊಂಡು ಪಟೇಲರ ಮನೆಗೆ ಓಡಿ ಬರೋರು. ಆರಿದ ಗಂಟು ಒಯ್ದು ಮತ್ತೆ ಹುರಿಯೋರು. ಹಗಲೂ ರಾತ್ರಿಯೂ ಇದೇ ಕೆಲಸ. ಬೇರೆ ದಿನ ಪಟೇಲರ ಹೆಬ್ಬಾಗಿಲು ದಾಟದ ಕೇರಿಯವರೂ ಗಂಟು ಹಿಡಿದು ಜಗಲಿ ತನಕ ಬಂದರು. ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ.

ಪುರುಡು ಅಂದರೆ ಹೆರಿಗೆಯ ಮೈಲಿಗೆ. ಪುರುಡಿನ ಕೋಣೆಗೆ ಹೋಗಿ ಬಂದ ಉಪ್ಪನ್ನು ಅಡುಗೆಗೆ ಹಾಕೋ ಹಾಗಿಲ್ಲ. ಊರಲ್ಲಿದ್ದ ಉಪ್ಪೆಲ್ಲ ಗಂಟಿಗೇ ಹೋಯ್ತು. ಊರಿಗೆ ಊರೇ ಸಪ್ಪೆ ಸಾರು ಉಂಡಿತು. ಗಂಡಸರು ಯಾರೂ ತುಟಿ ಬಿಚ್ಚಲಿಲ್ಲ, ಯಾತಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ. ಒಬ್ಬಳು ಮಾತ್ರ ಉರಿ ಉರಿಯಾಗಿ ಗಂಟು ತಂದು ನನ್ನ ಕೈಗೆ ಕುಕ್ಕಿದಳು. ಏನಾಯ್ತೇ ಅಂದೆ. "ಮದ್ವೆ ಆದಾಗ್ಲಿಂದ ಸಾರು ಸರಿಗಿಲ್ಲ ಅಂತಿದ್ದ ನನ್ ಗಂಡ. ಇವತ್ತು ಇನ್ನೊಂದ್ ಸೌಟು ಇಕ್ಕು ಅಂದ ಕಣಕ್ಕ."

ಪುರುಡಿನ ಕೋಣೆ

ಕೂಸು ಹುಟ್ಟಿದ ಮೂರನೇ ದಿನ ಬೆಂಕಿ ನಮ್ಮ ಹೊಲಗಳ ಬದುವಿಗೆ ಬಂತು, ಎಲ್ಲರಿಗೂ ಜೀವ ಬಾಯಿಗೆ ಬಂದಿತ್ತು. ಮುದುಕರು ಮಕ್ಕಳು ದನಕರುಗಳನ್ನೆಲ್ಲ ಕೆರೆಯಂಗಳಕ್ಕೆ ಹೊಡೆದರು. ಹುಲ್ಲಿನ ಮೆದೆಗಳನ್ನು ಕಿತ್ತು ದೂರ ಸಾಗಿಸಿದರು. ಬಾಣಂತಿಯನ್ನು ಸಾಗಿಸೋಣ ಅಂದರೆ, ಆ ಹೊಗೆಯಲ್ಲಿ ಕೂಸಿನ ಉಸಿರು ನಿಲ್ತದೆ ಅಂತ ನಾನು ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿ ಒಳಗೇ ಕೂತೆ. ಪಟೇಲರ ಹೆಂಡತಿಯೂ ಕೂತರು. ಗಂಟು ತರೋ ಹೆಂಗಸರೂ ನಿಲ್ಲಿಸಲಿಲ್ಲ, ಕೆಮ್ಮುತ್ತಾ ಬರ್ತಾನೇ ಇದ್ದರು. ಹೆತ್ತವಳು ಗೋಡೆ ನೋಡ್ತಾನೇ ಇದ್ದಳು.

ಹೊತ್ತು ಇಳಿಯೋ ವೇಳೆಗೆ ಗಾಳಿ ತಿರುಗಿತು. ಸವರಿದ್ದ ಗೆರೆಯ ಹತ್ತಿರ ಬಂದು ಬೆಂಕಿ ಮಂಕಾಯಿತು, ಮಿಕ್ಕಿದ್ದನ್ನು ಗಂಡಸರು ಸೊಪ್ಪಿನಲ್ಲಿ ಬಡಿದು ಆರಿಸಿದರು. ಊರು ಉಳೀತು. ಹೊರಗೆ ಯಾರೋ ಅಳ್ತಾ ಇದ್ದರು, ಯಾರೋ ದೇವರಿಗೆ ಕಾಯಿ ಒಡೀತಿದ್ದರು. ನನಗೆ ಸಂತೋಷ ಪಡೋಕೂ ಭಯ. ತೊಡೆಯ ಮೇಲಿನ ಕೂಸು ಹಾಗೇ ಮೆತ್ತಗೆ ಮಲಗಿತ್ತು.

ಆಗ ಪಟೇಲರು ಬಂದರು. ಗುಡ್ಡದಿಂದ ನೇರವಾಗಿ ಹಿತ್ತಲಿಗೆ ಹೋಗಿ, ಕಲ್ಲುಬಾನಿಯ ನೀರಲ್ಲಿ ಮೊಣಕೈ ತನಕ ತೊಳೆದುಕೊಂಡು, ಒರೆಸಿಕೊಳ್ಳದೆ ಒಳಗೆ ನುಗ್ಗಿದರು. ಒಂದು ಕಡೆಯ ಮೀಸೆ ಸುಟ್ಟು ಹೋಗಿತ್ತು, ಇನ್ನೊಂದು ಕಡೆಯದು ಠೀವಿಯಾಗೇ ಇತ್ತು. ಪುರುಡು ಕಳೆಯೋ ತನಕ ಗಂಡಸರು ಆ ಹೊಸ್ತಿಲು ದಾಟೋ ಹಾಗಿಲ್ಲ, ಕೂಸು ಮುಟ್ಟೋ ಹಾಗಿಲ್ಲ. ಅವರ ಹೆಂಡತಿ, "ಪುರುಡು ಕಣ್ರೀ, ಪುರುಡು" ಅಂತ ಅಡ್ಡ ಬಂದರು. ಆ ಮನುಷ್ಯನಿಗೆ ಅದು ಕಿವಿಗೇ ಬೀಳಲಿಲ್ಲ. ನೆಲಕ್ಕೆ ಮಂಡಿ ಊರಿ, "ಮನೆ ಉಳೀತು. ಮಗು ಎಂಗದೆ?" ಅಂತ, ಆ ಒದ್ದೆ ಕೈಯನ್ನು ತಂದು ಕೂಸಿನ ಬರೀ ಹೊಟ್ಟೆಯ ಮೇಲೆ ಇಟ್ಟುಬಿಟ್ಟರು.

ಕೂಸು ಒಂದು ಸಲ ಸೆಟೆದುಕೊಂಡಿತು. ಬಾಯಿ ತೆರೆಯಿತು. ಆಮೇಲೆ ಕಿರುಚಿತು ನೋಡಿ! ಮಾಡಿಗೆ ಮುಟ್ಟೋ ಹಾಗೆ, ಕಾಲು ಒದ್ದು, ಮುಖ ಕೆಂಪು ಮಾಡಿಕೊಂಡು ಕಿರುಚಿತು. ಇಷ್ಟು ದಿನ ಊರಿನ ಉಪ್ಪೆಲ್ಲ ಹುರಿದು ಕೊಟ್ಟ ಕಾವಿಗೆ ಒಂದು ಮಾತಾಡದ್ದು, ಅಜ್ಜನ ತಣ್ಣನೆ ಕೈಗೆ ಊರೆಲ್ಲ ಕೇಳೋ ಹಾಗೆ ಕೂಗಿತು. ಜಗಲಿಯ ಮೇಲಿದ್ದ ಹೆಂಗಸರು ಗಂಟುಗಳನ್ನು ಕೈಬಿಟ್ಟು ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳೋಕೆ ಶುರು ಮಾಡಿದರು.

ಪಟೇಲರು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡರು. ತಪ್ಪು ಮಾಡಿದವರ ಹಾಗೆ ನನ್ನ ಮುಖ ನೋಡಿದರು. ಕೈ ಒರೆಸಿಕೊಳ್ಳೋಕೂ ಪುರುಸೊತ್ತಿರಲಿಲ್ವಾ ಗೌಡ್ರೆ ಅಂತ ನಾನು ಬೈಯ್ತಾ ಇದ್ದೆ, ಕಣ್ಣಲ್ಲಿ ನೀರು ಸುರೀತಾ ಇತ್ತು. ಅಷ್ಟರಲ್ಲಿ ಕೂಸಿನ ಅಳು ಮೆಲ್ಲಮೆಲ್ಲಗೆ ಇಳೀತು.

ಮಂಚ ಕಿರುಗುಟ್ಟಿತು. ಹುಟ್ಟಿದಾಗಿಂದ ಕೂಸಿನ ಮುಖ ನೋಡದವಳು ಈ ಕಡೆ ತಿರುಗಿ, ಗೋಡೆ ಹಿಡಿದು ಎದ್ದು ಕೂತಿದ್ದಳು. ಎರಡು ಕೈಯನ್ನೂ ಚಾಚಿ ಕೂಸನ್ನು ನನ್ನಿಂದ ಇಸಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ತಲೆ ಎತ್ತಿ ಹೇಳಿದಳು:

"ಅಪ್ಪಾ, ಇನ್ನೊಂದ್ ಸಲ ಮುಟ್ಟು."

ಪಟೇಲರು ಎದ್ದು ಹಿತ್ತಲಿಗೆ ಹೋಗಿ, ಕಲ್ಲುಬಾನಿಯಲ್ಲಿ ಮತ್ತೆ ಕೈ ಅದ್ದಿಕೊಂಡು ಬಂದರು.