ನೇರಳೆ ಬಟ್ಟೆಯೊಳಗಿನ ಕಣ್ಣೀರು

ಎಲ್ಲದಕ್ಕೂ ಮೂಲ ಪಾಸ್ಟರರ ಗಂಟಲು. ಹೋದ ಭಾನುವಾರ ಅದು ಕಟ್ಟಿಕೊಂಡಿರದಿದ್ದರೆ ಅವರು ಗಡಿಯಾರದಣ್ಣನನ್ನು ಕರೆದು, "ಇವತ್ತು ನೀವೇ ನಾಲ್ಕು ಮಾತಾಡಿ" ಎನ್ನುತ್ತಿರಲಿಲ್ಲ. ದಿನವಿಡೀ ಕೆಟ್ಟ ಗಡಿಯಾರಗಳ ಎದುರು ತೆಪ್ಪಗೆ ಕೂತು ರಿಪೇರಿ ಮಾಡುವ ಈ ಮನುಷ್ಯನಿಗೆ ಜನರ ಮುಂದೆ ನಿಂತದ್ದೇ ತಡ, ಎಲ್ಲಿಲ್ಲದ ಆವೇಶ ಬಂತು.

"ಮರಿಯಳು ಒಳ್ಳೆಯ ಹೆಂಗಸು, ಅಷ್ಟೇ! ಅವಳಿಗೆ ಮೊಣಕಾಲೂರುವುದು, ಅವಳಿಂದ ಶಿಫಾರಸು ಮಾಡಿಸುವುದು, ಗೊಂಬೆ ಕಣ್ಣೀರು ಹಾಕಿತು ಎಂದು ಓಡುವುದು, ಇದೆಲ್ಲ ಕಥೋಲಿಕರ ಮರುಳು!" ಎಂದು ಮೇಜು ಗುದ್ದಿದ.

ಸಭೆ ತಲೆದೂಗಿತು. "ನಿಮ್ಮಂಥವರು ಸಭೆಯ ಹಿರಿಯರಾಗಬೇಕು. ಗುರುವಾರ ಸಂಜೆ ಕಮಿಟಿಯವರ ಜತೆ ಮನೆಗೆ ಬರ್ತೀವಿ" ಎಂದು ಪಾಸ್ಟರರು ಒಡೆದ ದನಿಯಲ್ಲಿ ಪಿಸುಗುಟ್ಟಿದರು. ಅವನ ಕಾಲು ನೆಲಕ್ಕೆ ತಾಗಲಿಲ್ಲ. ತನ್ನದೇ ಮನೆಯ ಮೂಲೆಯಲ್ಲಿ ಯಾರಿದ್ದಾರೆ ಎಂಬುದು ನೆನಪಾದದ್ದು ಬಾಗಿಲು ತೆರೆದಾಗಲೇ.

ಹೆಂಡತಿ ಹುಟ್ಟಿನಿಂದ ಕಥೋಲಿಕಳು. ಮದುವೆಯಾದ ಮೇಲೆ ಗಂಡನ ಪ್ರೊಟೆಸ್ಟೆಂಟ್ ಸಭೆಗೆ ಬಂದವಳು. ಅವಳ ತಾಯಿ ಮಾತ್ರ ಕಥೋಲಿಕರಾಗಿಯೇ ಉಳಿದಿದ್ದರು. ಮಗಳ ಮನೆಗೆ ಇರಲು ಬಂದಾಗ ಅತ್ತೆ ತಂದದ್ದು ಒಂದು ಟ್ರಂಕು, ಒಂದು ಜಪಸರ, ಮೊಣಕೈಯುದ್ದದ ಒಂದು ಮರಿಯಮಾತೆಯ ಪ್ರತಿಮೆ. ಅದು ನಡುಮನೆಯ ಸ್ಟೂಲಿನ ಮೇಲೆ ಕೂತಿತ್ತು. ಈಸ್ಟರಿಗೆ ಮುಂಚಿನ ದಿನಗಳಲ್ಲಿ ಪ್ರತಿಮೆಗಳಿಗೆ ಮುಸುಕು ಹಾಕುವುದು ಅವರ ಕಡೆಯ ಪದ್ಧತಿಯಾದ್ದರಿಂದ ಈಗ ಅದಕ್ಕೆ ತಲೆಯಿಂದ ಬುಡದವರೆಗೆ ನೇರಳೆ ಬಟ್ಟೆ. ಗಡಿಯಾರದಣ್ಣ ಒಂದು ದಿನವೂ ಅದನ್ನು ಮುಟ್ಟಿದವನಲ್ಲ, ನೆಟ್ಟಗೆ ನೋಡಿದವನೂ ಅಲ್ಲ.

ವಾದ ಮಾತ್ರ ಆಗಾಗ ಆಗುತ್ತಿತ್ತು. "ಅತ್ತೆ, ಕೇಳೋದನ್ನ ನೇರವಾಗಿ ಯೇಸುಸ್ವಾಮಿ ಹತ್ರಾನೇ ಕೇಳಬಹುದಲ್ಲ. ಮಧ್ಯೆ ಇನ್ನೊಬ್ಬರು ಯಾಕೆ?"

"ಕೇಳ್ತೀನಲ್ಲ ಅಳಿಯಂದಿರೇ. ಆರಾಧನೆ ದೇವರಿಗೇನೆ. ಆದ್ರೆ ಮಗನ ಹತ್ರ ಆಗಬೇಕಾದ ಕೆಲಸಕ್ಕೆ ತಾಯಿದೂ ಒಂದು ಮಾತಿರಲಿ ಅಂತ."

ಅವನು ದನಿ ಏರಿಸುತ್ತಿದ್ದ. ಅತ್ತೆ ನಕ್ಕು ಅನ್ನ ಬಡಿಸುತ್ತಿದ್ದರು.

ಗುರುವಾರ ಬೆಳಿಗ್ಗೆ, ಪ್ರತಿಮೆಯನ್ನು ಒಳಗೆ ತೆಗೆದಿಡಿ ಎಂದು ಹೇಳಿಬಿಡಲು ಬಾಯಿ ತೆರೆದ. ಬಂದದ್ದು ಬೇರೆ ಮಾತು: "ಅತ್ತೆ, ಪಾಸ್ಟರರಿಗೆ ಗಂಟಲು ಸರಿಯಿಲ್ಲ. ಬಿಸಿನೀರು ರೆಡಿ ಇರಲಿ." ಅವರು "ಆಗಲಿ" ಎಂದರು. ಸಂಜೆ ಅಂಗಡಿ ಬೇಗ ಮುಚ್ಚಿ ಬಂದರೆ ಮನೆ ಖಾಲಿ. ಹೆಂಡತಿ ಇನ್ನೂ ಕೆಲಸದಲ್ಲಿದ್ದಳು, ಅತ್ತೆ ಎಲ್ಲೋ ಹೋಗಿದ್ದರು. ಮೂಲೆಯಲ್ಲಿ ನೇರಳೆ ಮುಸುಕು ಮಾತ್ರ. ಇದನ್ನು ಅಂಗಡಿಯ ಬೀರುವಿನಲ್ಲಿಟ್ಟು, ಪಾಸ್ಟರರು ಹೋದಮೇಲೆ ಮತ್ತೆ ತಂದಿಟ್ಟರಾಯಿತು! ಕಣ್ಣು ಮುಚ್ಚಿ, ಬಟ್ಟೆಸಮೇತ ಎತ್ತಿ ಎದೆಗೊತ್ತಿಕೊಂಡ. ಒಳಗೆ ಏನೋ ಗುಳುಗುಳು ಎಂದಿತು. ಅದು ತನ್ನ ಹೊಟ್ಟೆಯೇ ಇರಬೇಕು ಅಂದುಕೊಂಡ.

ಮೆಟ್ಟಿಲಿಳಿಯುವಷ್ಟರಲ್ಲಿ ಎದುರುಮನೆಯ ನರ್ಸಮ್ಮ. ಕೆಲಸದಿಂದ ನಿವೃತ್ತಿಯಾಗಿದ್ದರೂ ವಿಚಾರಣೆಯಿಂದ ಆಗಿರಲಿಲ್ಲ.

"ಯಾರ ಮಗು ಅದು?"

"ತಂ... ತಂಗೀದು."

"ಮುಖದ ಮೇಲೆ ಯಾಕೆ ಬಟ್ಟೆ? ಉಸಿರು ಕಟ್ಟಲ್ವಾ?"

"ಜ್ವರ. ಗಾಳಿ ತಾಗಬಾರದು."

ಇದು ತಪ್ಪಾಯಿತು. ಜೀವಮಾನವಿಡೀ ಮಕ್ಕಳ ವಾರ್ಡಿನಲ್ಲಿದ್ದ ನರ್ಸಮ್ಮ ಜ್ವರದ ಮಗುವನ್ನು ಸುಮ್ಮನೆ ಬಿಟ್ಟಾರೇ? ಬೆನ್ನಿಗೇ ಬಿದ್ದರು. ಅವನು ಹೊರೆಯನ್ನು ಮಗುವಿನಂತೆ ಅಡ್ಡ ಹಿಡಿದು ಓಡುನಡಿಗೆ ಹಾಕಿದ. ಆಗಲೇ ಅಂಗೈ ಮೇಲೆ ಒಂದು ಹನಿ ಬಿತ್ತು. ಬೆಚ್ಚಗಿತ್ತು. ಹಿಂದೆಯೇ ಇನ್ನೊಂದು.

"ನೋಡಿ, ಒದ್ದೆ ಮಾಡಿಕೊಂಡಿದೆ!" ಎಂದರು ನರ್ಸಮ್ಮ.

ಗಡಿಯಾರದಣ್ಣನ ಜೀವ ಬಾಯಿಗೆ ಬಂತು. ಅಳುತ್ತಿದ್ದಾರೆ! ಅತ್ತೆಯ ಮಾತೆ ಅಳುತ್ತಿದ್ದಾರೆ. ಮೇಜು ಗುದ್ದಿ ನಗಾಡಿದ ತನ್ನ ತೋಳಿನಲ್ಲೇ! ಮನೆಯಿಂದ ಹೊರಗೆ ಹಾಕಿದರೆ ಯಾವ ತಾಯಿ ತಾನೇ ಅಳುವುದಿಲ್ಲ? ತಿರುವಿನಲ್ಲಿ ಸರಿಯಾಗಿ ಪಾಸ್ಟರರೂ ಕಮಿಟಿಯ ಇಬ್ಬರೂ ಎದುರಾದರು.

"ಒಳ್ಳೆ ಹೊತ್ತಿಗೆ ಬಂದ್ರಿ! ಮಗೂಗೆ ಜೋರು ಜ್ವರ, ಪ್ರಾರ್ಥನೆ ಮಾಡಿ" ಎಂದು ನರ್ಸಮ್ಮ ಕೂಗಿದರು.

ಪಾಸ್ಟರರು ಮುಸುಕಿನ ತಲೆಯ ಮೇಲೆ ಕೈಯಿಟ್ಟರು. "ಪಾಪ, ಬೆವರ್ತಿದೆ. ಕರ್ತನೇ, ಈ ಎಳೆಯ ಜೀವವನ್ನು ಕಾಪಾಡು..."

ದೇವರ ಹೆಸರಿನಲ್ಲಿ ತನ್ನ ಸುಳ್ಳು ಮೇಲಕ್ಕೆ ಹೋಗುವುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ತಿರುಗಿ ಮನೆಗೆ ಓಡಿದ. ಎಲ್ಲರೂ ಹಿಂದೆಯೇ ಓಡಿದರು. ಅವನು ಹೊರೆಯನ್ನು ಸ್ಟೂಲಿನ ಮೇಲಿಟ್ಟ. ಕಾಲುಗಳು ತಾವಾಗಿಯೇ ಮಡಿಚಿಕೊಂಡವು.

"ಅಮ್ಮಾ, ತಪ್ಪಾಯ್ತು! ಹಿರಿಯ ಆಗೋ ಆಸೆಗೆ ನಿಮ್ಮನ್ನ ಕದ್ದು ಬೀರುವಿಗೆ ಹಾಕಲು ಹೊರಟೆ. ಪಾಸ್ಟರೇ, ಇದು ಮಗು ಅಲ್ಲ, ಅತ್ತೆಯ ಮರಿಯಮ್ಮ. ನೋಡಿ, ಅಳ್ತಿದ್ದಾರೆ!"

ಕಮಿಟಿಯವರು ಬಾಯಿ ತೆರೆದುಕೊಂಡು ನಿಂತರು. ಅಷ್ಟರಲ್ಲಿ ಹೊರಗಿನಿಂದ ಬಂದ ಅತ್ತೆ, ಮೊಣಕಾಲೂರಿದ್ದ ಅಳಿಯನನ್ನು ಸುತ್ತಿಬಳಸಿ ಹೋಗಿ ಬಟ್ಟೆ ತೆಗೆದರು.

ದೊಡ್ಡ ಫ್ಲಾಸ್ಕು.

"ಇದರ ಮುಚ್ಚಳ ಸರಿಯಾಗಿ ಕೂರಲ್ಲ, ಅಡ್ಡ ಹಿಡಿದ್ರೆ ಸೋರುತ್ತೆ" ಎಂದರು ಅತ್ತೆ. "ಪಾಸ್ಟರಿಗೆ ಅಂತ ಬಿಸಿನೀರು ಮಾಡಿಟ್ಟಿದ್ದೆ. ಆರಬಾರದು ಅಂತ ಆ ಬಟ್ಟೇನೇ ಹೊದಿಸಿದ್ದೆ."

"ಮತ್ತೆ... ಮಾತೆ?"

"ಅವರನ್ನ ಆಗಲೇ ಬೀದಿ ಕೊನೆಯ ಟೈಲರಮ್ಮನ ಮನೇಲಿ ಬಿಟ್ಟು ಬಂದೆ. ಇವರ ಮುಂದೆ ನಿಮ್ಮ ತಲೆ ತಗ್ಗಬಾರದಲ್ಲ."

ನಾಚಿಕೆ ಎಂದರೆ ಏನೆಂದು ಗಡಿಯಾರದಣ್ಣನಿಗೆ ತಿಳಿದದ್ದು ಆಗ. ಕಮಿಟಿಯವರ ಮುಂದಲ್ಲ, ಈ ಹೆಂಗಸಿನ ಮುಂದೆ. ತಾನು ಕದಿಯಲು ಹೊರಟಿದ್ದನ್ನು ಅವರು ಕೇಳುವ ಮೊದಲೇ ಕೊಟ್ಟಿದ್ದರು. ಸುಮ್ಮನಿದ್ದಿದ್ದರೆ ಮಾನವೂ ಉಳಿಯುತ್ತಿತ್ತು, ಪದವಿಯೂ ಸಿಗುತ್ತಿತ್ತು. ಕೊನೆಗೆ, ಶಿಫಾರಸನ್ನು ಮೇಜು ಗುದ್ದಿ ಬೈದವನು ಅತ್ತೆಯ ಕಡೆ ದೀನನಾಗಿ ನೋಡಿದ.

"ನಮ್ಮ ಅಳಿಯಂದಿರು ಒಳ್ಳೆಯವರು ಪಾಸ್ಟರೇ. ಮನಸ್ಸಿಗೆ ಹಾಕಿಕೊಳ್ಳಬೇಡಿ" ಎಂದರು ಅತ್ತೆ.

ಪಾಸ್ಟರರು ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡರು. "ಹಿರಿತನದ ವಿಷಯ ಮುಂದೆ ಎಂದಾದರೂ ನೋಡೋಣ. ಮೊದಲು ಅಮ್ಮನವರ ಮಾತೆಯನ್ನ ನೀವೇ ಹೋಗಿ ಕರೆದುಕೊಂಡು ಬನ್ನಿ. ನಾವು ಅವರ ಮುಂದೆ ಮೊಣಕಾಲೂರೋದಿಲ್ಲ, ನಿಜ. ಆದ್ರೆ ಸಹೋದರ, ಫ್ಲಾಸ್ಕಿನ ಮುಂದೆಯೂ ಊರೋದಿಲ್ಲ."

ಬಟ್ಟೆ ಒದ್ದೆಯಾಗಿತ್ತು. ಹಾಗಾಗಿ ಟೈಲರಮ್ಮನ ಮನೆಯಿಂದ ಬರುವಾಗ ಪ್ರತಿಮೆಗೆ ಮುಸುಕಿರಲಿಲ್ಲ. ಮೊದಲ ಸಲ ಆ ಮುಖ ನೋಡಿದ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಕಣ್ಣು ಒಣಗಿತ್ತು. ನರ್ಸಮ್ಮ ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿ ಆಗಿತ್ತು. ಬಾಗಿಲು ಬಾಗಿಲಲ್ಲೂ ಜನ.

"ಏನ್ರೀ, ಮಗೂಗೆ ಜ್ವರ ಬಿಡ್ತಾ?" ಎಂದು ಯಾರೋ ಕೂಗಿದರು.

ಗಡಿಯಾರದಣ್ಣ ಮಾತೆಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ. "ಇಲ್ಲಪ್ಪಾ" ಎಂದ. "ನನಗೆ ಹತ್ತಿದೆ."